ನನ್ನ ತಮ್ಮ ಒಸಾಕಾದಲ್ಲಿ ಶೂ ಬಿಚ್ಚಿದ್ದು

ದೇವನಹಳ್ಳಿ

ಕಾಲುಂಗುರ ಹಾಕಿಕೊಂಡವಳು ಶೂ ಹಾಕಬಾರದು ಎಂದು ಯಾವ ಶಾಸ್ತ್ರವೂ ಹೇಳಿಲ್ಲ. ಹಾಕಿ ನೋಡಿದವರಿಗೆ ಶಾಸ್ತ್ರ ಬೇಕಾಗಿಯೂ ಇಲ್ಲ. ಐವತ್ತು ದಾಟಿದ ಮೇಲೆ, ಜೀವನದಲ್ಲಿ ಮೊದಲ ಸಲ, ಸೀರೆಯ ಕೆಳಗೆ ಬಿಳಿ ಶೂ ತೊಟ್ಟು ದೇವನಹಳ್ಳಿ ಏರ್‌ಪೋರ್ಟಿನಲ್ಲಿ ನಿಂತಿದ್ದೆ. ಎರಡೂ ಕಾಲಿನ ಬೆರಳುಗಳು ಒಳಗೆ ಅಯ್ಯೋ ಅನ್ನುತ್ತಿದ್ದವು. ಹೋಗಿ ಬರುವ ತನಕ ಉಂಗುರ ತೆಗೆದಿಡು ಎಂದು ತಮ್ಮ ಮೊದಲೇ ಹೇಳಿದ್ದ. ಗಂಡ ಗುಂಡುಕಲ್ಲಿನ ಹಾಗೆ ಮನೆಯಲ್ಲಿ ಕೂತಿರುವಾಗ ಕಾಲುಂಗುರ ತೆಗೆಯುವುದುಂಟೇ ಎಂದು ನಾನೇ ಅವನ ಬಾಯಿ ಮುಚ್ಚಿಸಿದ್ದೆ. ಇನ್ನು ಅನುಭವಿಸಬೇಕಾದವಳೂ ನಾನೇ.

ಆ ಶೂ ಆರಿಸಿದ್ದು ಅವನು. ನನ್ನ ತಮ್ಮ ಮಂಜುನಾಥ, ಮನೆಯವರ ಬಾಯಲ್ಲಿ ಮಂಜ, ಇದೇ ಏರ್‌ಪೋರ್ಟಿನಲ್ಲಿ ಬಹಳ ವರ್ಷ ಟ್ರಾಲಿ ಕೂಡಿಸುವ ಕೆಲಸ ಮಾಡಿದವನು. ಬಗ್ಗಿ ಟ್ರಾಲಿ ತಳ್ಳುವವನಿಗೆ ಪ್ರಯಾಣಿಕರ ಮುಖ ಕಾಣುವುದಿಲ್ಲ, ಕಾಲು ಕಾಣುತ್ತದೆ. ಹಾಗೆ ನೋಡಿ ನೋಡಿ ಅವನಿಗೆ ಸ್ನೀಕರ್ಸ್ ಹುಚ್ಚು ಹಿಡಿಯಿತು. ನನ್ನಂಥವರಿಗೆ ಶೂ ಅಂದರೆ ಶೂ. ಅವನಿಗೆ ಒಂದೊಂದಕ್ಕೂ ಹೆಸರು, ಹುಟ್ಟಿದ ವರ್ಷ, ಕುಲ, ಗೋತ್ರ. ಮದುವೆ ಮಾಡಿಕೊಳ್ಳಲಿಲ್ಲ. ದೊಡ್ಡಬಳ್ಳಾಪುರದ ನಮ್ಮ ಮನೆಯ ಕಾಂಪೌಂಡಿನ ಮೂಲೆಯ ಕೋಣೆಯಲ್ಲಿದ್ದುಕೊಂಡು ಗೋಡೆಯ ತುಂಬ ಡಬ್ಬ ಜೋಡಿಸಿದ. ನಮ್ಮಮ್ಮ ರೇಷ್ಮೆ ಸೀರೆ ಇಡುತ್ತಿದ್ದ ಹಾಗೆ ಪ್ರತಿ ಜೋಡಿಯನ್ನೂ ತೆಳು ಕಾಗದದಲ್ಲಿ ಸುತ್ತಿ ಇಡುತ್ತಿದ್ದ. ಹೆಚ್ಚಿನವನ್ನು ಕಾಲಿಗೆ ಹಾಕುತ್ತಲೇ ಇರಲಿಲ್ಲ, ಒಳ್ಳೆಯ ದಿನ ಬರಲಿ ಎನ್ನುತ್ತಿದ್ದ. ಸಂಬಳವನ್ನೆಲ್ಲ ಕಾಲಿಗೇ ಸುರಿದ ಎಂದು ನಮ್ಮ ಯಜಮಾನರು ರೇಗಿಸುತ್ತಿದ್ದರು. ಈಗ ಆ ಮಾತು ಆಡುವುದಿಲ್ಲ.

ಈಗ ಮಂಜನಿಗೆ ಎಡಗಾಲು ಮೊಣಕಾಲಿನಿಂದ ಕೆಳಗೆ ಇಲ್ಲ. ಅದಾದದ್ದು ಹೀಗೆ. ಜಪಾನಿನ ಒಸಾಕಾದಲ್ಲಿ ಹಿರಾನೋ ಎಂಬ ಹಿರಿಯರಿದ್ದಾರೆ, ಅವರಿಗೂ ಇದೇ ಹುಚ್ಚು. ಫೋನಿನಲ್ಲಿ ಒಬ್ಬರಿಗೊಬ್ಬರು ಶೂ ತೋರಿಸಿಕೊಳ್ಳುತ್ತ ಇಬ್ಬರಿಗೂ ವರ್ಷಗಟ್ಟಲೆ ಸ್ನೇಹ. ಒಂದು ಸಲ ಅವರು, ಎಲ್ಲಿ ಹುಡುಕಿದರೂ ಸಿಗದ ಒಂದು ಜೋಡಿಯನ್ನು ಮಂಜನಿಗೆ ಉಡುಗೊರೆಯಾಗಿ ಕಳಿಸಿದರು. ಅಳತೆ ಚಿಕ್ಕದಾಗಿತ್ತು. ಇವನು ಮಾತ್ರ ಸರಿಯಾಗಿದೆ ಎಂದು ಅವರಿಗೆ ತಿಳಿಸಿದ. ತೊಟ್ಟ ಫೋಟೊ ಕಳಿಸಬೇಕಲ್ಲ, ಅದಕ್ಕಾಗಿ ಅನುಗೊಂಡನಹಳ್ಳಿಯ ಗೆಳೆಯನ ಮದುವೆಗೆ ಅದನ್ನೇ ಹಾಕಿಕೊಂಡು ಹೋಗಿ ದಿನವೆಲ್ಲ ಓಡಾಡಿದ. ಚಪ್ಪಲಿ ಎಲ್ಲಿ ಕಚ್ಚುತ್ತದೆಂದು ತೊಟ್ಟವನಿಗೇ ಗೊತ್ತು ಎನ್ನುತ್ತಾರೆ. ಸಕ್ಕರೆ ಕಾಯಿಲೆಯಿಂದ ಜೋಮು ಹಿಡಿದ ಕಾಲು, ಅವನಿಗೆ ಅದೂ ಗೊತ್ತಾಗಲಿಲ್ಲ. ಗುಳ್ಳೆ ಹುಣ್ಣಾಯಿತು, ಹುಣ್ಣು ಕಪ್ಪಾಯಿತು. ಕಾಲು ಉಳಿಸಲು ಹೋದರೆ ಆಳು ಉಳಿಯುವುದಿಲ್ಲ ಎಂದರು ಡಾಕ್ಟರು. ಆ ಜೋಡಿಯನ್ನು ಒಲೆಗೆ ಹಾಕು ಎಂದು ನಾನು ಕೂಗಾಡಿದೆ. ತಪ್ಪು ಶೂವಿನದಲ್ಲ ಎಂದು ಅವನು ಮತ್ತೆ ಕಾಗದದಲ್ಲಿ ಸುತ್ತಿ ಮೇಲಿಟ್ಟ. ಹಿರಾನೋ ಅವರಿಗೆ ಇದಾವುದನ್ನೂ ತಿಳಿಸಲಿಲ್ಲ.

ಕೃತಕ ಕಾಲು ಬಂತು. ಅದರ ಮೇಲೆ ಪ್ಯಾಂಟು, ಶೂ ಹಾಕಿದರೆ ಹೊಸಬರಿಗೆ ತಿಳಿಯುವುದೇ ಇಲ್ಲ, ತುಸು ಕುಂಟುತ್ತಾನೆ ಅಷ್ಟೆ. ಆದರೆ ನಮ್ಮ ಕಡೆ ಯಾರ ಮನೆಗೆ ಹೋದರೂ ಕಾಲಿನದನ್ನು ಬಾಗಿಲಲ್ಲೇ ಬಿಡಬೇಕು. ಬಿಚ್ಚಿದರೆ ಆ ರಬ್ಬರಿನ ಪಾದ ಕಾಣುತ್ತದೆ. ಹಾಗಾಗಿ ಮಂಜ ಯಾರ ಮನೆಯ ಹೊಸಿಲನ್ನೂ ದಾಟುವುದಿಲ್ಲ, ನನ್ನ ಮನೆಯದನ್ನೂ ಸಹ. ಅವನ ಊಟದ ತಟ್ಟೆಯನ್ನು ಕೋಣೆಗೆ ನಾನೇ ಒಯ್ಯುತ್ತೇನೆ. ಶೂ ಹಾಕಿಕೊಂಡೇ ಬಾರೋ, ನಾನೇನು ನೆಲ ಒರೆಸಿಕೊಳ್ಳಲಾರೆನೇ ಎಂದು ಎಷ್ಟು ಹೇಳಿದರೂ ಬರಲಿಲ್ಲ. ದೇವರ ಕೋಣೆಯಿರುವ ಮನೆಗೆ ಶೂ ಹಾಕಿಕೊಂಡು ನುಗ್ಗುವ ಮನಸ್ಸು ಅವನದಲ್ಲ.

ವೈಶಾಖಕ್ಕೆ ನನ್ನ ಮಗಳು ಚೈತ್ರಾಳ ಮದುವೆ ಗೊತ್ತಾಗಿತ್ತು. ಹೆಣ್ಣಿನ ಕೈಹಿಡಿದು ಹಸೆಮಣೆಗೆ ಕರೆತರಬೇಕಾದವನು ಸೋದರಮಾವ, ಅದೂ ಬರಿಗಾಲಲ್ಲಿ. ಅವಳಿಗಿರುವವನು ಮಂಜ ಒಬ್ಬನೇ. ಆಗಲ್ಲ ಎಂದುಬಿಟ್ಟ. ಅವಳು ಅತ್ತಳು, ಅವನು ಬಾಗಿಲು ಹಾಕಿಕೊಂಡ. ಅಂಥ ಹೊತ್ತಿನಲ್ಲಿ ಹಿರಾನೋ ಅವರ ಕರೆ ಬಂತು: ನನಗೂ ವಯಸ್ಸಾಯಿತು, ಒಮ್ಮೆ ಬಂದು ನನ್ನ ಶೂಗಳನ್ನು ನೋಡಿಕೊಂಡು ಹೋಗು. ಮಂಜ ಒಬ್ಬನೇ ಹೋಗುವಂತಿರಲಿಲ್ಲ, ನನ್ನನ್ನು ಕರೆದ. ನಾನು ನಿನ್ನ ಜೊತೆ ಬರುತ್ತೇನೆ, ನೀನು ಮಗಳನ್ನು ಹಸೆಗೆ ಕರೆತಾ ಎಂದೆ. ನೋಡೋಣ ಎಂದ. ಆ ‘ನೋಡೋಣ’ವನ್ನು ಸೆರಗಿಗೆ ಗಂಟು ಹಾಕಿಕೊಂಡು ನಾನು ಪಾಸ್‌ಪೋರ್ಟ್ ಮಾಡಿಸಿದೆ.

ಅವನಿಗೆ ಅಷ್ಟು ದೂರ ಹೋಗುವ ಧೈರ್ಯ ಎಲ್ಲಿಂದ ಬಂತು ಎಂದರೆ, ಫಾರಿನ್‌ನವರು ಮನೆಯೊಳಗೂ ಶೂ ಹಾಕಿಕೊಂಡೇ ಇರುತ್ತಾರೆ ಎಂಬ ನಂಬಿಕೆಯಿಂದ. ನಮ್ಮ ತಾಲ್ಲೂಕಿಗೆ ತಾಲ್ಲೂಕೇ ನಂಬಿರುವ ಮಾತು ಅದು. ಸಾಲದ್ದಕ್ಕೆ ಹಿರಾನೋ ತಮ್ಮ ವಿಡಿಯೊಗಳಲ್ಲಿ ಕೋಣೆಯ ಚಾಪೆಯ ಮೇಲೆಯೇ ಶೂ ತೊಟ್ಟು ಅತ್ತಿತ್ತ ನಡೆದು ತೋರಿಸುತ್ತಿದ್ದರು. ಅಲ್ಲಿ ಯಾರೂ ಬಿಚ್ಚು ಎನ್ನುವುದಿಲ್ಲ ಎಂದು ಮಂಜ ಹೊರಡುವ ದಿನದವರೆಗೂ ಹೇಳುತ್ತಲೇ ಇದ್ದ.

ಬಿಚ್ಚು ಎಂದವರು ಮೊದಲು ಇಲ್ಲಿಯೇ ಸಿಕ್ಕರು. ತಪಾಸಣೆಯ ಸಾಲಿನಲ್ಲಿ ಕಾವಲಿನವನು ಶೂ ತೆಗೆದು ತಟ್ಟೆಯಲ್ಲಿಡಲು ಹೇಳಿದ. ವರ್ಷಗಟ್ಟಲೆ ತಾನು ಕೆಲಸ ಮಾಡಿದ ಜಾಗ, ಸುತ್ತ ಗುರುತಿನ ಮುಖಗಳು. ಮಂಜ ಅವನ ಕಿವಿಯಲ್ಲಿ ಏನೋ ಹೇಳಿದ. ಪಾಪ, ಆ ಹುಡುಗ ಮರ್ಯಾದಸ್ಥ, ಪಕ್ಕದ ಪರದೆಯೊಳಗೆ ಕರೆದುಕೊಂಡು ಹೋದ. ಹೊರಗೆ ಬಂದವನು ವಿಮಾನದಲ್ಲಿ ಕಿಟಕಿಯ ಕಡೆಗೇ ಮುಖ ತಿರುಗಿಸಿಕೊಂಡು ಕೂತ. ನಾನು ಕಾಲುಂಗುರದ ಗೋಳು ಹೇಳಿಕೊಂಡು ಅವನನ್ನು ನಗಿಸಲು ನೋಡಿದೆ, ನಗಲಿಲ್ಲ.

ಒಸಾಕಾ

ಒಸಾಕಾದ ಚಳಿ ಮುಲಾಜು ನೋಡುವುದಿಲ್ಲ. ಧನುರ್ಮಾಸದಲ್ಲಿ ದೊಡ್ಡಬೆಳವಂಗಲದ ನಮ್ಮ ಹೊಲದ ಬದುವಿನಲ್ಲಿ ನಿಂತರೆ ಕಿವಿ ಕಚ್ಚುತ್ತದಲ್ಲ, ಇಲ್ಲಿ ಹಾಗೆ ಮಧ್ಯಾಹ್ನವೇ ಕಚ್ಚುತ್ತದೆ. ಸೀರೆಯ ಮೇಲೆ ನಮ್ಮ ಯಜಮಾನರ ಸ್ವೆಟರು, ಅದರ ಮೇಲೆ ಮಂಜನ ಜಾಕೆಟ್ಟು, ತಲೆಗೆ ಮಫ್ಲರು, ಕೆಳಗೆ ಬಿಳಿ ಶೂ. ಹೋಟೆಲಿನ ಕನ್ನಡಿಯಲ್ಲಿ ನೋಡಿಕೊಂಡಾಗ ಹೊಲದ ಬೆದರುಬೊಂಬೆಯೇ ಎದುರು ನಿಂತ ಹಾಗಿತ್ತು. ಊರಲ್ಲಿ ಇದೇ ಶೂ ಹಾಕಿ ಅಭ್ಯಾಸಕ್ಕೆಂದು ಬೀದಿಯಲ್ಲಿ ನಡೆದಾಗ ಎದುರುಮನೆಯಾಕೆ, ಏನು ಸುಶೀಲಕ್ಕಾ, ಡ್ರಿಲ್ ಮೇಡಂ ಆಗ್ಬಿಟ್ರಾ ಎಂದು ನಕ್ಕಿದ್ದಳು.

ಇಲ್ಲಿ ರೈಲಿನಲ್ಲಿ ಇಬ್ಬರು ಹುಡುಗಿಯರು ನನ್ನನ್ನು ಕೆಳಗಿನಿಂದ ಮೇಲಕ್ಕೆ ನೋಡಿದರು. ಇನ್ನೇನು ನಗುತ್ತಾರೆ ಎಂದು ನಾನು ಸೀರೆಯ ನೆರಿಗೆ ಇಳಿಬಿಟ್ಟು ಶೂ ಮುಚ್ಚಿಕೊಂಡೆ. ಅವರು ಬಂದು ತಲೆಬಾಗಿಸಿ, ಒಂದು ಫೋಟೊ ತೆಗೆಯಬಹುದೇ ಎಂದು ಸನ್ನೆಯಲ್ಲಿ ಕೇಳಿದರು. ಸೀರೆಯ ಅಂಚು, ಅದರಡಿ ಶೂ, ಅಷ್ಟೇ ಬೇಕಂತೆ, ಮುಖ ಬೇಡವಂತೆ. ಬಹಳ ಚೆಂದ ಎಂದರಂತೆ, ಮಂಜ ಫೋನಿನಲ್ಲಿ ಕೇಳಿ ಹೇಳಿದ. ನಮ್ಮೂರಿನ ಅವಲಕ್ಷಣ ಇನ್ನೊಂದೂರಿನ ಫ್ಯಾಷನ್ ಆಗುತ್ತದೆ ಎಂಬುದನ್ನು ನಾನು ಹಾಗೆ ತಿಳಿದುಕೊಂಡೆ.

ಮಂಜನ ನಡಿಗೆಯನ್ನು ಮಾತ್ರ ಯಾರೂ ನೋಡಲಿಲ್ಲ. ಮೆಟ್ಟಿಲು ಹತ್ತುವಾಗ ಹಿಂದಿನವರು ಗೊಣಗದೆ ನಿಂತರು. ನಮ್ಮ ಬಸ್‌ಸ್ಟ್ಯಾಂಡಿನಲ್ಲಾದರೆ ಅಷ್ಟರಲ್ಲಿ ಯಾರಾದರೊಬ್ಬರು ಬಂದು, ಏನಪ್ಪಾ ಕಾಲಿಗೆ, ಯಾವಾಗ ಆಯ್ತು, ಯಾವ ಡಾಕ್ಟ್ರು ಎಂದು ಶುರುಮಾಡಿ, ನಾಟಿ ಔಷಧಿ ಹೇಳಿ ಮುಗಿಸುತ್ತಿದ್ದರು. ಅದು ಅಕ್ಕರೆಯೇ, ಇಲ್ಲವೆನ್ನುವುದಿಲ್ಲ. ಆದರೆ ದಿನಕ್ಕೆ ಹತ್ತು ಜನರ ಅಕ್ಕರೆಗೆ ಉತ್ತರ ಕೊಟ್ಟು ಕೊಟ್ಟು ನನ್ನ ತಮ್ಮ ಹೊರಗೆ ಬರುವುದನ್ನೇ ಬಿಟ್ಟಿದ್ದ.

ಶೂ ಅಂಗಡಿಗಳ ಬೀದಿ

ಆ ಬೀದಿಯ ಒಂದು ಅಂಗಡಿಯ ಮುಂದೆ ಬೆಳಿಗ್ಗೆಯೇ ಸರತಿ ನಿಂತಿತ್ತು. ಹೊಸ ಶೂ ಒಂದು ಅಂದು ಮಾರಾಟಕ್ಕೆ ಬರುತ್ತಿತ್ತಂತೆ. ಕೆಲವರು ಮಡಿಸುವ ಪುಟ್ಟ ಕುರ್ಚಿ ತಂದು ಕೂತಿದ್ದರು, ಒಬ್ಬರೂ ಜಗಳವಾಡುತ್ತಿರಲಿಲ್ಲ. ನಮ್ಮ ಊರಿನ ರೇಷನ್ ಸೊಸೈಟಿಯ ಸರತಿ ನೆನಪಾಯಿತು. ಅಲ್ಲಿ ಸಾಲಾಗಿ ನಿಲ್ಲುವುದು ಚಪ್ಪಲಿಗಳು. ಚಪ್ಪಲಿಯನ್ನು ನಮ್ಮ ಜಾಗದಲ್ಲಿ ಬಿಟ್ಟು ನಾವು ಹೊಂಗೆ ಮರದಡಿ ಹರಟೆಗೆ ಕೂರುತ್ತೇವೆ. ಇಲ್ಲಿ ಚಪ್ಪಲಿಗಾಗಿ ಜನ ನಿಂತಿದ್ದಾರೆ, ಅಲ್ಲಿ ಜನರಿಗಾಗಿ ಚಪ್ಪಲಿ ನಿಲ್ಲುತ್ತದೆ ಎಂದು ಮಂಜನಿಗೆ ಹೇಳಿದೆ. ಅವನು ನನ್ನ ಮಾತು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ.

ಹಳೆಯ ಶೂ ಮಾರುವ ಅಂಗಡಿಯೊಂದರ ಒಳಗೆ ಹೋದೆವು. ಒಂದೊಂದು ಶೂವನ್ನೂ ಬೇಕರಿಯ ಬನ್ನಿನ ಹಾಗೆ ಪಾರದರ್ಶಕ ಹಾಳೆಯಲ್ಲಿ ಬಿಗಿಯಾಗಿ ಸುತ್ತಿದ್ದರು. ಮಂಜ ಹೆಸರು ಹೇಳುತ್ತ ಹೋದ, ಅಂಗಡಿಯವನು ಎರಡೂ ಕೈಯಲ್ಲಿ ಎತ್ತಿ ತೋರಿಸುತ್ತ ಹೋದ. ನನ್ನ ತಮ್ಮನ ಮುಖದಲ್ಲಿ ಹಳೆಯ ಮಂಜ ಬಂದು ಹೋದ ಹಾಗಾಯಿತು. ಅವನನ್ನೇ ನೋಡುತ್ತ ಹಿಂದೆ ಸರಿದ ನನ್ನ ಕಾಲು ನೆಲದಲ್ಲಿದ್ದ ಡಬ್ಬವೊಂದಕ್ಕೆ ತಗುಲಿತು. ಕಾಲು ತಗುಲಿದರೆ ನಾವು ಏನು ಮಾಡುತ್ತೇವೆ? ಬಗ್ಗಿ ಡಬ್ಬ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಅಂಗಡಿಯವನು ಒಂದು ಗಳಿಗೆ ಬೆರಗಾಗಿ, ಆಮೇಲೆ ನನಗೆ ಆಳವಾಗಿ ತಲೆಬಾಗಿದ. ಶೂವಿಗೆ ನಮಸ್ಕಾರ ಮಾಡುವಷ್ಟು ಭಕ್ತಿಯುಳ್ಳ ಗಿರಾಕಿಯನ್ನು ಅವನು ನೋಡಿರಲಿಕ್ಕಿಲ್ಲ. ಮಂಜ ಗೋಡೆ ಹಿಡಿದುಕೊಂಡು ನಕ್ಕ, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಆ ನಗು ಕೇಳಿ ಎಷ್ಟು ಕಾಲವಾಗಿತ್ತೋ. ಇನ್ನೂ ಎರಡು ಡಬ್ಬಕ್ಕೆ ಕಾಲು ತಗುಲಿಸೋಣವೇ ಎನಿಸಿತು.

ಒಂದು ಶೂವನ್ನೂ ಅವನು ಕೊಳ್ಳಲಿಲ್ಲ. ಯಾಕೋ ಎಂದೆ. ಯಾರ ಕಾಲಿಗೆ ಎಂದ.

ಹಿರಾನೋ ಅವರ ಮನೆ

ಊರಾಚೆಯ ಓಣಿಯಲ್ಲಿ ಪುಟ್ಟ ಮನೆ. ಬಾಗಿಲ ಪಕ್ಕ ಹೂಕುಂಡ, ಒಂದು ಸೈಕಲ್ಲು. ಹಿರಾನೋ ಬಾಗಿಲಲ್ಲೇ ಕಾಯುತ್ತಿದ್ದರು. ನರೆತ ಕೂದಲು, ಸಣ್ಣ ಮೈ, ಮಂಜನನ್ನು ಕಂಡದ್ದೇ ಮದುವೆ ಮನೆಗೆ ಬೀಗರು ಬಂದಷ್ಟು ಸಂಭ್ರಮ. ಅವರ ಹೆಂಡತಿ ಹಿಂದೆ ನಿಂತು ತಲೆಬಾಗಿಸುತ್ತಲೇ ಇದ್ದರು. ನಾವು ಬಾಗಿಲು ದಾಟಿ ಒಳಗೆ ಕಾಲಿಟ್ಟೆವು.

ಒಳಗೆ ತಗ್ಗಿನಲ್ಲಿ ಒಂದು ಚೂರು ಟೈಲ್ಸ್ ನೆಲ. ಅದರಾಚೆ ಒಂದು ಮೆಟ್ಟಿಲೆತ್ತರಕ್ಕೆ ಮರದ ನೆಲ, ನಮ್ಮ ಹಳೇ ಮನೆಯ ಜಗಲಿಯ ಎತ್ತರ. ತಗ್ಗಿನಲ್ಲಿ ಮನೆಯವರ ಶೂಗಳು ಸಾಲಾಗಿದ್ದವು. ಹಿರಾನೋ ಆಗಲೇ ಮೇಲೆ ಹತ್ತಿ ನಿಂತಿದ್ದರು, ಬರೀ ಕಾಲುಚೀಲದಲ್ಲಿ. ಅವರ ಹೆಂಡತಿ ಮಂಡಿಯೂರಿ ನಮಗಾಗಿ ಎರಡು ಜೊತೆ ಮೆತ್ತನೆಯ ಮನೆಚಪ್ಪಲಿಗಳನ್ನು ಇಡುತ್ತಿದ್ದರು. ವಿಡಿಯೊದಲ್ಲಿ ಅವರು ಚಾಪೆಯ ಮೇಲೆ ತೊಡುತ್ತಿದ್ದದ್ದು ಎಂದೂ ಬೀದಿ ಮುಟ್ಟದ ಹೊಸ ಶೂಗಳನ್ನು ಎಂಬುದು ನಮ್ಮಿಬ್ಬರಿಗೂ ಆಗ ಹೊಳೆಯಿತು.

ಮಂಜ ನನ್ನ ಮೊಣಕೈ ಹಿಡಿದುಕೊಂಡ.

"ಅಕ್ಕ, ಇಲ್ಲೂ ಬಿಚ್ತಾರೆ."

ಹುಷಾರಿಲ್ಲ ಎಂದು ಹೇಳಿ ವಾಪಸ್ ಹೋಗೋಣವೇ ಎಂದು ನಾನೇ ಕೇಳಿದೆ. ಅಷ್ಟು ದೂರದಿಂದ ಬಂದು ಬಾಗಿಲಿಂದ ತಿರುಗಿ ಹೋಗುವುದೇ ಎಂಬ ಸಂಕಟ ಒಂದು ಕಡೆ, ತಮ್ಮನ ತಣ್ಣಗಾದ ಕೈ ಒಂದು ಕಡೆ. ನಾನು ಹೊತ್ತು ಕಳೆಯಲೆಂದು ನನ್ನ ಶೂ ಬಿಚ್ಚಿದೆ. ಎರಡೂ ಕಾಲುಚೀಲಗಳನ್ನು ಹರಿದುಕೊಂಡು ಕಾಲುಂಗುರಗಳು, ಅವುಗಳ ಹಿಂದೆ ಬೆರಳುಗಳು, ಹೊರಗೆ ಇಣುಕುತ್ತಿದ್ದವು. ಮನೆಯಾಕೆ ಬಾಯಿಗೆ ಕೈ ಅಡ್ಡ ಹಿಡಿದರು, ನಗು ತಡೆಯಲಾಗಲಿಲ್ಲ. ನನಗೂ ಆಗಲಿಲ್ಲ. ಅವರು ಒಳಗೆ ಓಡಿ ಹೋಗಿ ಹೆಬ್ಬೆರಳಿಗೆ ಬೇರೆ ಕೋಣೆಯಿರುವ ಹೊಸ ಕಾಲುಚೀಲ ತಂದುಕೊಟ್ಟು, ಬೆಳ್ಳಿಯ ಉಂಗುರಗಳನ್ನು ಮುಟ್ಟಿ ನೋಡಿದರು. ನಾವು ನಗುತ್ತಿರುವಾಗ ಮಂಜ ಮರದ ಮೆಟ್ಟಿಲ ಮೇಲೆ ಕೂತ.

ಮೊದಲು ಬಲಗಾಲಿನ ಲೇಸು ಬಿಚ್ಚಿದ. ಆಮೇಲೆ ಎಡಗಾಲಿನದು. ಎಡ ಶೂ ಸುಲಭವಾಗಿ ಬರುವುದಿಲ್ಲ, ರಬ್ಬರಿನ ಪಾದ ಬಾಗುವುದಿಲ್ಲವಲ್ಲ. ಎರಡೂ ಕೈಯಲ್ಲಿ ಎಳೆದು ತೆಗೆದ. ಕಾಲುಚೀಲವೂ ಅದರ ಜೊತೆ ಜಾರಿತು. ನಮ್ಮ ನಗು ನಿಂತಿತು. ಹಿರಾನೋ ಆ ಪಾದ ನೋಡಿದರು, ಮಂಜನ ಮುಖ ನೋಡಿದರು. ಆಮೇಲೆ ಮೆಟ್ಟಿಲಿಳಿದು ಬಂದು, ಅವನು ಬಿಚ್ಚಿದ ಶೂಗಳನ್ನು ತಾವೇ ಎತ್ತಿ ಮುಖ ಹೊರಗೆ ಮಾಡಿ ಜೋಡಿಸಿಟ್ಟು, ಏಳಲು ಕೈಕೊಟ್ಟರು. ನನ್ನ ತಮ್ಮ ಹೊಸಿಲು ದಾಟಿ ಒಂದು ಮನೆಯೊಳಗೆ ಹೋದ.

ಶೂ ಕೋಣೆಯಲ್ಲಿ ಅವನಿಗಾಗಿ ಕುರ್ಚಿ ಹಾಕಿದರು. ಮಾತೆಲ್ಲ ಫೋನಿನ ಮೂಲಕ: ಅವರು ಜಪಾನಿಯಲ್ಲಿ ಹೇಳಿದ್ದನ್ನು ಫೋನು ಇಂಗ್ಲಿಷಿನಲ್ಲಿ ಒದರುತ್ತಿತ್ತು, ಮಂಜ ನನಗೆ ಕನ್ನಡದಲ್ಲಿ ಹೇಳುತ್ತಿದ್ದ. ಕಾಲಿಗೆ ಏನಾಯಿತು ಎಂದು ಕೇಳಿದರು. ಬೈಕಿನಿಂದ ಬಿದ್ದೆ ಎಂದ. ನಾನು ಚಾಪೆಯ ಹೆಣಿಗೆ ನೋಡುತ್ತ ಕೂತೆ.

ಅವರ ಸಂಗ್ರಹದಲ್ಲಿ ಎಲ್ಲಕ್ಕಿಂತ ಮುಂದೆ ಇಟ್ಟಿದ್ದದ್ದು ಒಂದು ಹಾಳಾದ ಜೋಡಿ. ಡಬ್ಬ ತೆರೆದರೆ ಮೇಲಿನ ಚರ್ಮ ಹೊಸದರಂತೆ ಹೊಳೆಯುತ್ತಿದೆ, ಅಡಿಯ ಅಟ್ಟೆ ಮಾತ್ರ ಹಳೇ ಬೆಲ್ಲದ ಹಾಗೆ ಪುಡಿಪುಡಿ. ವರ್ಷಗಟ್ಟಲೆ ಯಾರೂ ತೊಡದೆ ಇಟ್ಟರೆ ಕೆಲವು ಶೂಗಳಿಗೆ ಹೀಗಾಗುತ್ತದಂತೆ, ತೊಟ್ಟು ನಡೆದವೇ ಹೆಚ್ಚು ಬಾಳುತ್ತವಂತೆ. ನನಗೆ ಇದು ಹೊಸ ಮಾತಲ್ಲ. ನಾನು ಸೀರೆಗೆ ಕುಚ್ಚು ಕಟ್ಟುವವಳು, ಮಗ್ಗಗಳ ಊರಿನವಳು. ಒಳ್ಳೆಯ ದಿನಕ್ಕೆಂದು ಪೆಟ್ಟಿಗೆಯಲ್ಲಿ ಮಡಿಸಿಟ್ಟ ರೇಷ್ಮೆ ಸೀರೆ ಒಂದು ದಿನ ಬಿಡಿಸಿದರೆ ಮಡಿಕೆ ಮಡಿಕೆಗೂ ಸೀಳಿರುತ್ತದೆ. ನಮ್ಮಮ್ಮನ ಧಾರೆ ಸೀರೆ ಹಾಗೆಯೇ ಹೋಯಿತು. ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂರುವ ನನ್ನ ತಮ್ಮನ ಕಡೆ ನೋಡಿದೆ.

ಆಮೇಲೆ ಹಿರಾನೋ ನೆಲದ ಮೇಲೆ ದೊಡ್ಡ ಕಾಗದ ಹಾಸಿದರು. ಪರಿಚಯದ ಒಬ್ಬ ಕುಶಲಕರ್ಮಿಯಿಂದ ಮಂಜನ ಅಳತೆಗೇ ಒಂದು ಜೋಡಿ ಮಾಡಿಸಿ ಕೊಡುತ್ತಾರಂತೆ. ಕಾಗದದ ಮೇಲೆ ನಿಲ್ಲಿಸಿ, ಮಂಡಿಯೂರಿ, ಬಲಪಾದದ ಸುತ್ತ ಪೆನ್ಸಿಲ್ ಓಡಿಸಿದರು. ಅಲ್ಲಿಗೆ ಮುಗಿಯಿತೆಂದು ಮಂಜ ಸರಿಯಹೋದ. ಅವರು ಬಿಡಲಿಲ್ಲ. ರಬ್ಬರಿನ ಪಾದದ ಸುತ್ತಲೂ ಅಷ್ಟೇ ನಿಧಾನವಾಗಿ, ಬೆರಳುಗಳ ಸಂದಿಯಲ್ಲಿ ಸಹ ತಡೆದು ತಡೆದು, ಗೆರೆ ಎಳೆದರು. ಮಂಜ ಸೂರು ನೋಡುತ್ತ ನಿಂತಿದ್ದ.

ಬಲಪಾದದ ಗೆರೆಯ ಮೇಲೆ ಅವರು ಅಳತೆಪಟ್ಟಿ ಇಟ್ಟರು. ನೋಡಿದರು. ತೆಗೆದು ಮತ್ತೊಮ್ಮೆ ಇಟ್ಟರು. ಯಾರಿಗೆ ಯಾವ ಅಳತೆಯ ಶೂ ಕಳಿಸಿದೆ ಎಂಬುದನ್ನು ಈ ಹುಚ್ಚಿನವರು ಮರೆಯುವುದಿಲ್ಲ. ಫೋನು ಬಾಯ ಹತ್ತಿರ ಹಿಡಿದು ಏನೋ ಹೇಳಿದರು. ನಾನು ಕಳಿಸಿದ ಜೋಡಿ ನಿಮಗೆ ಚಿಕ್ಕದಾಗಿತ್ತು, ಅಲ್ಲವೇ ಎಂದಿತು ಫೋನು.

ಇಲ್ಲ, ಇಲ್ಲ, ತುಂಬಾ ಸರಿಯಾಗಿತ್ತು ಎಂದ ಮಂಜ ಇಂಗ್ಲಿಷಿನಲ್ಲಿ. ನಗುತ್ತಲೇ ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದ:

"ಅಕ್ಕ, ಏನೂ ಹೇಳ್ಬೇಡ. ಮುಖದಲ್ಲೂ ತೋರಿಸ್ಬೇಡ. ಪ್ರೀತಿಯಿಂದ ಕಳಿಸಿದ್ದು ಅದು."

ಮುಖದಲ್ಲಿ ತೋರಿಸಬಾರದೆಂದರೆ ಎಲ್ಲಿ ಅಡಗಿಸಿಕೊಳ್ಳಲಿ? ನಾನು ಬಗ್ಗಿ ಹೊಸ ಕಾಲುಚೀಲ ಸರಿಮಾಡಿಕೊಂಡೆ. ಹಿರಾನೋ ಎರಡೂ ಅಂಗೈ ಚಾಪೆಗೂರಿ, ಹಣೆ ನೆಲಕ್ಕೆ ಮುಟ್ಟುವ ಹಾಗೆ ಮಂಜನಿಗೆ ಬಾಗಿದರು. ಅವನು ಬೇಡ ಬೇಡವೆಂದು ಎಬ್ಬಿಸಿದ. ಅವರು ನಂಬಿದರೋ ಇಲ್ಲವೋ ನನಗೆ ಇಂದಿಗೂ ತಿಳಿಯದು.

ಊಟಕ್ಕೆ ಅನ್ನ, ಮೂಲಂಗಿ ಉಪ್ಪಿನಕಾಯಿ, ನಮಗೆಂದು ಮೀನಿಲ್ಲದೆ ಮಾಡಿದ ಸಾರು. ಮಂಜ ಕುರ್ಚಿಯಲ್ಲಿ ಎರಡೂ ಕಾಲು ಚಾಚಿಕೊಂಡು, ಒಂದು ಇದ್ದದ್ದು, ಒಂದು ಇಟ್ಟದ್ದು, ಎರಡನ್ನೂ ಮುಚ್ಚಿಕೊಳ್ಳದೆ, ಎರಡನೇ ಸಲ ಅನ್ನ ಹಾಕಿಸಿಕೊಂಡು ಊಟ ಮಾಡಿದ. ಒಂದು ಮನೆಯೊಳಗೆ, ನಾಲ್ಕು ಜನರ ನಡುವೆ. ನನಗೆ ತಡೆಯಲಾಗಲಿಲ್ಲ, ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಅತ್ತ ಭರದಲ್ಲಿ ಅಲ್ಲಿನ ಬಚ್ಚಲ ಚಪ್ಪಲಿಯನ್ನು ಅಲ್ಲಿಯೇ ಬಿಡಬೇಕೆಂಬುದನ್ನು ಮರೆತು, ಅದರಲ್ಲೇ ಚಾಪೆಯ ಕೋಣೆಗೆ ನಡೆದುಬಂದೆ. ಮನೆಯಾಕೆ ಹಿಂದೆಯೇ ಓಡಿಬಂದರು. ನನ್ನ ಕೆಂಪು ಕಣ್ಣು ನೋಡಿ ಏನೂ ಅನ್ನದೆ, ಬಗ್ಗಿ ಅವನ್ನು ತಾವೇ ಕಾಲಿನಿಂದ ತೆಗೆದರು.

ದೊಡ್ಡಬಳ್ಳಾಪುರ

ವಾಪಸ್ ಬರುವಾಗ ವಿಮಾನದಲ್ಲಿ ಮಂಜ ತಾನಾಗಿ ಚೈತ್ರಾಳ ವಿಷಯ ತೆಗೆದ. ಧಾರೆಗೆ ಯಾವ ಬಣ್ಣದ ಸೀರೆ, ಹಸೆಗೆ ಬಾಗಿಲಿಂದ ಎಷ್ಟು ದೂರ ನಡೆಯಬೇಕು ಎಂದೆಲ್ಲ ಕೇಳಿದ. ನಾನು ಗೆದ್ದೆ ಎಂದುಕೊಂಡೆ. ಪಂಚೆಯನ್ನು ಸ್ವಲ್ಪ ಇಳಿಬಿಟ್ಟು ಉಡಿಸಿದರಾಯಿತು, ಯಾರಿಗೂ ಅಷ್ಟು ಕಾಣದು ಎಂದು ಮನಸ್ಸಿನಲ್ಲೇ ಅಳತೆ ಹಾಕಿದೆ. ದೇವನಹಳ್ಳಿಯಿಂದ ಕಾರಿನಲ್ಲಿ ಬರುವಾಗ ದ್ರಾಕ್ಷಿ ತೋಟಗಳ ಬೇಲಿ ನೋಡಿಯೇ ನನಗೆ ಸಂತೋಷ. ಮೊದಲು ಮನೆಗೆ ಬಾ, ಒಂದು ಲೋಟ ಕಾಫಿ ಕುಡಿದು ಕೋಣೆಗೆ ಹೋಗು ಎಂದೆ. ಹೂಂ ಎಂದ.

ಬಾಗಿಲಲ್ಲಿ ಚೈತ್ರಾ ನಿಂತಿದ್ದಳು, ಅವಳ ಹಿಂದೆ ನಮ್ಮ ಯಜಮಾನರು, ಕಿಟಕಿಯಲ್ಲಿ ಎದುರುಮನೆಯಾಕೆ. ಮಂಜ ಹೊಸಿಲಿನವರೆಗೆ ಬಂದ. ಬಗ್ಗಿ ಲೇಸಿಗೆ ಕೈಹಾಕಿದ. ಎಲ್ಲರೂ ಅವನ ಕಾಲನ್ನೇ ನೋಡುತ್ತಿದ್ದೆವು, ನಾನೂ ಸಹ. ಅವನ ಕೈ ಅಲ್ಲೇ ನಿಂತಿತು. ಎದ್ದು ನಿಂತು, ಬಟ್ಟೆಚೀಲ ಹೆಗಲಿಗೇರಿಸಿಕೊಂಡು ಕೋಣೆಯ ಕಡೆ ತಿರುಗಿದ. ನಾನು ಹಿಂದೆಯೇ ಹೋಗಿ ತಡೆದೆ. ಅಲ್ಲಿ ಬಿಚ್ಚಿದವನು ಇಲ್ಲಿ ಬಿಚ್ಚಲಾರೆಯೇನೋ, ನಾವು ಅವರಿಗಿಂತ ಹೊರಗಿನವರಾದೆವೇ ಎಂದು ಕೇಳಿಬಿಟ್ಟೆ. ಕೋಪವೂ ಬಂದಿತ್ತು.

"ಅವ್ರ ಮನೇಲಿ ನನ್ನ ಯಾರೂ ಮುಂಚೆ ನೋಡಿರ್ಲಿಲ್ಲ ಅಕ್ಕ," ಎಂದ. "ಅವ್ರಿಗೆ ನಾನು ಬಂದಿದ್ದೇ ಹಿಂಗೆ. ಇಲ್ಲಿ ಬಿಚ್ಚಿದ್ರೆ ಎಲ್ರೂ ಹಳೇ ಕಾಲು ಹುಡುಕ್ತೀರ. ನೀನೂ ಹುಡುಕ್ತೀಯ."

ಕಾಫಿಯನ್ನು ಕೋಣೆಗೇ ಕೊಟ್ಟು ಬಂದೆ.

ಘಾಟಿ

ಪ್ರವಾಸ ಕಥನ ಮನೆಗೆ ಬಂದಲ್ಲಿಗೆ ಮುಗಿಯಬೇಕು. ನನ್ನದು ಇನ್ನೂ ಸ್ವಲ್ಪ ದೂರ, ಘಾಟಿ ಸುಬ್ರಹ್ಮಣ್ಯದ ತನಕ ಹೋಗುತ್ತದೆ. ಮದುವೆ ಅಲ್ಲಿನ ಛತ್ರದಲ್ಲಿ ನಡೆಯಿತು. ಮಂಜ ಬಂದ. ಹೊಸ ಷರ್ಟು, ಹೊಸ ಪ್ಯಾಂಟು, ಕಾಲಲ್ಲಿ ತನ್ನ ಅತ್ಯುತ್ತಮ ಜೋಡಿ. ಛತ್ರದ ಬಾಗಿಲ ಹೊರಗೆ, ಎಲ್ಲರೂ ಚಪ್ಪಲಿ ಬಿಡುವಲ್ಲಿ ಕುರ್ಚಿ ಹಾಕಿಸಿಕೊಂಡು ಕೂತ. ಘಾಟಿಯಲ್ಲಿ ಚಪ್ಪಲಿ ಕಳುವಾಗುತ್ತದೆ, ನಾನು ನೋಡಿಕೊಳ್ಳುತ್ತೇನೆ, ನೀವೆಲ್ಲ ಒಳಗೆ ಹೋಗಿ ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಗಂಡಿನ ಕಡೆಯವರು ಕೆಲವರು ಅವನನ್ನು ಛತ್ರದ ಆಳು ಎಂದುಕೊಂಡರು. ಹೆಣ್ಣಿನ ಸೋದರಮಾವ ಎಂದು ತಿದ್ದಲು ಅವನು ನನಗೆ ಬಿಡಲಿಲ್ಲ.

ಚೈತ್ರಾಳನ್ನು ಹಸೆಗೆ ನಾನೇ ಕೈಹಿಡಿದು ಕರೆತಂದೆ. ಪುರೋಹಿತರು ಒಮ್ಮೆ ನನ್ನ ಮುಖ ನೋಡಿ ಮಂತ್ರ ಮುಂದುವರಿಸಿದರು. ಧಾರೆ ಮುಗಿದ ಕೂಡಲೇ ಅವಳು, ತಾಳಿಯ ಅರಿಶಿನದ ದಾರ ಇನ್ನೂ ಒದ್ದೆಯಿರುವಾಗಲೇ, ಗಂಡನ ಕೈಹಿಡಿದು ಹೊರಗೆ ನಡೆದಳು. ಬಿಸಿಲಿಗೆ ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತು, ಆಶೀರ್ವಾದ ಮಾಡು ಮಾವ ಎಂದು ಅವನ ಪಾದಕ್ಕೆ ಬಗ್ಗಿದಳು. ಮಂಜ ಗಾಬರಿಯಿಂದ ಎರಡೂ ಕಾಲನ್ನು ಕುರ್ಚಿಯಡಿಗೆ ಎಳೆದುಕೊಂಡ. ಅವಳು ಕೈ ಹಿಂದೆ ತೆಗೆದುಕೊಳ್ಳಲಿಲ್ಲ. ಅವನ ಕಾಲಿದ್ದ ಜಾಗದ ನೆಲವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು.